ಕಥೆಯಲ್ಲಿ ಹದಿಹರೆಯದ ಪಾತ್ರವನ್ನು ಬರೆಯುವ ಬಗೆ

ಮೊದಲು ಪಾತ್ರದ ವಯಸ್ಸನ್ನು ಖಚಿತಪಡಿಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯು 10ರಿಂದ 19 ವರ್ಷದವರೆಗಿನ ಅವಧಿಯನ್ನು ಹದಿಹರೆಯವೆಂದು ಗುರುತಿಸುತ್ತದೆಯಾದರೂ, 13ರ ಹುಡುಗಿಗೂ 17ರ ಹುಡುಗಿಗೂ ಮಾತು, ನಾಚಿಕೆ, ಧೈರ್ಯ ಎಲ್ಲವೂ ಬೇರೆ. ಅವರು ದುಡುಕುವುದನ್ನು ಬರೆಯುವಾಗ ದಡ್ಡರಂತೆ ಚಿತ್ರಿಸಬೇಡಿ. ಪರಿಣಾಮವನ್ನು ತೂಗಿ ನೋಡುವ ಮಿದುಳಿನ ಮುಂಭಾಗವು ಸುಮಾರು 25ರ ವಯಸ್ಸಿನವರೆಗೂ ಬಲಿಯುತ್ತಲೇ ಇರುತ್ತದೆ. ಬಸ್ಸಿನಲ್ಲಿ ಗೆಳತಿಯರ ನಡುವೆ ಗಟ್ಟಿಯಾಗಿ ನಗುತ್ತಿದ್ದವಳು ಅಮ್ಮನ ಕರೆ ಬಂದೊಡನೆ ಕಿಟಕಿಯತ್ತ ತಿರುಗಿ, ಅಂಗೈಯಿಂದ ಬಾಯಿ ಮರೆಮಾಡಿಕೊಂಡು, 'ಹ್ಞೂಂ, ಬರ್ತಿದೀನಿ' ಎಂದಷ್ಟೇ ಹೇಳುವುದನ್ನು ಗಮನಿಸಿ. ನನ್ನ ಮಟ್ಟಿಗೆ ಪುಟಗಟ್ಟಲೆ ವಿವರಣೆಗಿಂತ ಆ ಒಂದು ಚಲನೆಯೇ ಅವಳನ್ನು ಹೆಚ್ಚು ತೋರಿಸುತ್ತದೆ. ಹೊಸ ಆಡುನುಡಿಯನ್ನು ಮಿತವಾಗಿ ಬಳಸಿ, ಅದು ಬೇಗ ಹಳತಾಗುತ್ತದೆ. ಸಿನಿಮಾಗಳಲ್ಲಿ ಹದಿಹರೆಯದ ಪಾತ್ರಗಳನ್ನು ಇಪ್ಪತ್ತು ದಾಟಿದ ನಟರು ನಿರ್ವಹಿಸುವುದು ಸಾಮಾನ್ಯವಾದ್ದರಿಂದ, ತೆರೆಯ ಮೇಲಿನ ಮೈಕಟ್ಟನ್ನೂ ಆತ್ಮವಿಶ್ವಾಸವನ್ನೂ ಮಾದರಿಯಾಗಿ ಇಟ್ಟುಕೊಳ್ಳಬೇಡಿ.