ಮಾಸಾಶನಕ್ಕೆ ಅರ್ಜಿ ಹಾಕುವ ಮೊದಲು ಖಾತೆ ನೋಡಿಕೊಳ್ಳಿ

ನಾನು ತೀರ್ಥಹಳ್ಳಿ ಕಡೆಯವನು. ಹದಿನೆಂಟು ವರ್ಷ ಅಡಿಕೆ ಕೊನೆ ಕೊಯ್ದು ಬದುಕಿದವನು. 2021ರ ನವೆಂಬರಿನಲ್ಲಿ ಮರದಿಂದ ಬಿದ್ದೆ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು.

ಒಂದು ವರ್ಷ ಅರ್ಜಿ ಹಾಕುವ ಯೋಚನೆಯನ್ನೇ ಮಾಡಲಿಲ್ಲ. ಅಂಗವಿಕಲರ ಮಾಸಾಶನ ಹುಟ್ಟಿನಿಂದ ಹಾಗಿರುವವರಿಗೆ ಮಾತ್ರ ಅಂದುಕೊಂಡಿದ್ದೆ. ನಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ ಅಕ್ಕ ಮನೆಗೇ ಬಂದರು. ವಿಆರ್‌ಡಬ್ಲ್ಯೂ ಅಂದರೆ ಅಂಗವಿಕಲರಿಗೆ ನೆರವಾಗಲು ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರೂ ಪೋಲಿಯೊ ಆದವರು. "ಬಿದ್ದು ಆಗಿದ್ದಾ, ಹುಟ್ಟಿದಾಗಿಂದ ಇದ್ದಿದ್ದಾ ಅಂತ ಯಾರೂ ಕೇಳಲ್ಲ ಅಣ್ಣಾ. ಶೇಕಡಾ 40 ಅಂಗವೈಕಲ್ಯ ಇದ್ದರೆ ಸಾಕು" ಅಂದರು.

ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ. ಅರ್ಜಿ ಆನ್‌ಲೈನ್, ತಪಾಸಣೆ ಮಾತ್ರ ಆಸ್ಪತ್ರೆಯಲ್ಲಿ. ಡಿಸ್ಚಾರ್ಜ್ ಚೀಟಿ ಒಯ್ದಿದ್ದೆ, ಎಂಆರ್‌ಐ ಮನೆಯಲ್ಲೇ ಉಳಿದಿತ್ತು. ಇನ್ನೊಂದು ಸಲ ಜೀಪು ಬಾಡಿಗೆ ಕೊಟ್ಟು ಹೋಗಬೇಕಾಯಿತು. ಇದ್ದಬದ್ದ ಕಾಗದವೆಲ್ಲ ಒಂದೇ ಚೀಲದಲ್ಲಿಡಿ. ನನಗೆ ಶೇಕಡಾ 90 ಎಂದು ಬರೆದುಕೊಟ್ಟರು. ಶೇಕಡಾ 75 ದಾಟಿದ್ದರಿಂದ ತಿಂಗಳಿಗೆ 1400 ರೂಪಾಯಿ. 40ರಿಂದ 75ರ ಒಳಗಿನವರಿಗೆ 800. ಆದಾಯ ಪ್ರಮಾಣಪತ್ರ ಮಾಡಿಸಿ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟೆವು. ಮಂಜೂರಾತಿ ಪತ್ರವೂ ಬಂತು.

ದುಡ್ಡು ಮಾತ್ರ ಬರಲಿಲ್ಲ. ಒಂದು ತಿಂಗಳು, ಎರಡು ತಿಂಗಳು, ಐದು ತಿಂಗಳು. ನನ್ನ ಹೆಂಡತಿ ಕೂಲಿ ಬಿಟ್ಟು ಎಷ್ಟು ಸಲ ಓಡಾಡಿದಳೋ. ಕಡೆಗೆ ವಿಆರ್‌ಡಬ್ಲ್ಯೂ ಅಕ್ಕನೇ ಪತ್ತೆ ಹಚ್ಚಿದರು. ನಾವು ಅರ್ಜಿ ಜೊತೆ ಯಾವ ಪಾಸ್‌ಬುಕ್ ಕೊಟ್ಟರೂ ಹಣ ಹೋಗುವುದು ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ. ನನ್ನದು ಜೋಡಣೆಯಾಗಿದ್ದು ಹಿಂದೆ ಕಾಫಿ ತೋಟದ ಕೆಲಸಕ್ಕೆ ಹೋದಾಗ ತೆರೆದಿದ್ದ ಖಾತೆಗೆ. ಅದು ಬಂದ್ ಆಗಿ ಎಷ್ಟೋ ಕಾಲವಾಗಿತ್ತು.

ಬದಲಾಯಿಸಲು ನಮ್ಮೂರ ಬ್ಯಾಂಕಿನಲ್ಲಿ "ಅವರೇ ಬರಬೇಕು" ಅಂದರು. ಅಲ್ಲಿ ನಾಲ್ಕು ಮೆಟ್ಟಿಲು, ಇಳಿಜಾರು ದಾರಿ ಇಲ್ಲ. ಅಂಗವಿಕಲರಿಗೆ ಮನೆಬಾಗಿಲಲ್ಲೇ ಸೇವೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಅದನ್ನೇ ಬರೆದು, ಯುಡಿಐಡಿ ಪ್ರತಿ ಲಗತ್ತಿಸಿ ಅರ್ಜಿ ಕೊಟ್ಟೆವು. ನಾಲ್ಕನೇ ದಿನ ಒಬ್ಬರು ಮನೆಗೆ ಬಂದು ಸಹಿ ಹಾಕಿಸಿಕೊಂಡು ಹೋದರು. ಬಾಯಲ್ಲಿ ಕೇಳಿದಾಗ ಆಗದ್ದು ಕಾಗದದಲ್ಲಿ ಆಯಿತು. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.

ಇದನ್ನು ಮೊದಲೇ ನೋಡಿಕೊಳ್ಳಬಹುದಿತ್ತು. ಆಧಾರ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿ, ಮೊಬೈಲಿಗೆ ಬರುವ ಒಟಿಪಿ ಕೊಟ್ಟರೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಎರಡೇ ನಿಮಿಷದಲ್ಲಿ ತೋರಿಸುತ್ತದೆ. ಈಗ ನನ್ನ ಹಾಗೆ ಮಲಗಿರುವವರು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದೇ ಇದನ್ನು.

1400 ಬಹಳ ಕಡಿಮೆ, ಅದು ಹೆಚ್ಚಾಗಲೇಬೇಕು. ನನ್ನ ಕ್ಯಾತಿಟರ್, ಯೂರಿನ್ ಬ್ಯಾಗ್, ಗಾಯಕ್ಕೆ ಕಟ್ಟುವ ಬಟ್ಟೆಗೇ ಅದು ಮುಗಿದುಹೋಗುತ್ತದೆ. ಆದರೆ ಅಷ್ಟಕ್ಕಾದರೂ ಈಗ ಹೆಂಡತಿಯ ಕೂಲಿ ದುಡ್ಡು ಕೇಳಬೇಕಾಗಿಲ್ಲ.