ಲಾರಿಗೆ ಎಕ್ಸ್‌ಟೆಂಡೆಡ್ ವಾರಂಟಿ ತಗೊಳ್ಳಬೇಕಾ? ಮೊದಲು ನಿಮ್ಮ ಕಿಲೋಮೀಟರ್ ಲೆಕ್ಕ ಹಾಕಿ

ಹೊಸ ಲಾರಿ ಬುಕ್ ಮಾಡಿ, ಡೌನ್ ಪೇಮೆಂಟ್ ಕಟ್ಟಿ, ಫೈನಾನ್ಸ್‌ನವರ ಕಾಗದಗಳಿಗೆಲ್ಲ ಸಹಿ ಹಾಕಿ ಮುಗಿಸುವ ಹೊತ್ತಿಗೆ ಶೋರೂಮ್ ಹುಡುಗ ಇನ್ನೊಂದು ಹಾಳೆ ಮುಂದೆ ಇಡುತ್ತಾನೆ. "ಅಣ್ಣಾ, ಎಕ್ಸ್‌ಟೆಂಡೆಡ್ ವಾರಂಟಿ. ಎಲ್ಲರೂ ತಗೊಳ್ತಾರೆ. ಲೋನ್‌ನಲ್ಲೇ ಸೇರಿಸಿಬಿಡ್ತೀನಿ, ಕಂತಿನಲ್ಲಿ ಗೊತ್ತೇ ಆಗಲ್ಲ." ಆಗ ಹೂಂ ಅನ್ನಬೇಡಿ. ಬೇಡ ಅಂತಲೂ ಅನ್ನಬೇಡಿ. ಆ ಹಾಳೆಯದೊಂದು ಜೆರಾಕ್ಸ್ ಇಸ್ಕೊಂಡು ಮನೆಗೆ ಬನ್ನಿ.

ನನ್ನ ಹತ್ತಿರ ಎರಡು ಗಾಡಿ ಇವೆ. ಒಂದು ಹತ್ತು ಚಕ್ರದ್ದು, ದಾವಣಗೆರೆಯಿಂದ ಮೆಕ್ಕೆಜೋಳ ಹೇರಿಕೊಂಡು ನಾಮಕ್ಕಲ್ ಕಡೆಯ ಕೋಳಿ ಫೀಡ್ ಮಿಲ್‌ಗಳಿಗೆ ಹೋಗುತ್ತದೆ. ಇನ್ನೊಂದು ಪಿಕಪ್, ಊರ ಸುತ್ತಮುತ್ತಲಿನ ತರಕಾರಿ, ಗೊಬ್ಬರ, ಮನೆ ಸಾಮಾನು ಹೊಡೆಯುತ್ತದೆ. ಒಂದಕ್ಕೆ ವಾರಂಟಿ ಮುಂದುವರಿಸಿದೆ, ಇನ್ನೊಂದಕ್ಕೆ ಬಿಟ್ಟೆ. ಎರಡೂ ಸರಿ ಅಂತಲೇ ಈಗಲೂ ಅನ್ನಿಸುತ್ತದೆ, ಯಾಕೆಂದರೆ ಎರಡರ ಓಟ ಬೇರೆ ಬೇರೆ.

ಇಡೀ ವಿಷಯ ನಿಂತಿರುವುದು ಈ ಓಟದ ಮೇಲೆ. ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ "5 ವರ್ಷ" ಅಂತ ಇರುತ್ತದೆ. ಅದರ ಕೆಳಗೆ ಸಣ್ಣದಾಗಿ ಕಿಲೋಮೀಟರ್ ಇರುತ್ತದೆ, ಮುಂದೆ "ಯಾವುದು ಮೊದಲೋ ಅದು" ಅಂತ ಬರೆದಿರುತ್ತದೆ. ಕಾರಿನವರಿಗೆ ವರ್ಷ ಮೊದಲು ಮುಗಿಯುತ್ತದೆ. ಜಾಸ್ತಿ ಓಡುವ ಲಾರಿಯವರಿಗೆ ಕಿಲೋಮೀಟರ್ ಮೊದಲು ಮುಗಿಯುತ್ತದೆ. ಇದೊಂದು ತಲೆಯಲ್ಲಿಟ್ಟುಕೊಂಡರೆ ಅರ್ಧ ತೀರ್ಮಾನ ಆದ ಹಾಗೆ.

ಒಂದು ಲೆಕ್ಕ ಮಾಡಿ ನೋಡೋಣ. ಕಂಪನಿ ವಾರಂಟಿ 3 ವರ್ಷ ಅಥವಾ 2 ಲಕ್ಷ ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. 48,000 ರೂಪಾಯಿ ಕೊಟ್ಟರೆ ಅದು 5 ವರ್ಷ ಅಥವಾ 3 ಲಕ್ಷ ಕಿಲೋಮೀಟರ್ ಆಗುತ್ತದೆ ಅಂತ ಇಟ್ಟುಕೊಳ್ಳಿ. (ಇವು ಉದಾಹರಣೆ ಅಷ್ಟೇ, ನಿಮ್ಮ ಹಾಳೆಯ ಅಂಕಿ ಹಾಕಿ.) ನಿಮ್ಮ ಗಾಡಿ ತಿಂಗಳಿಗೆ 8,000 ಕಿಲೋಮೀಟರ್ ಓಡಿದರೆ 25 ತಿಂಗಳಿಗೆ 2 ಲಕ್ಷ ಆಯ್ತು, ಕಂಪನಿ ವಾರಂಟಿ ಮುಗೀತು. 37ನೇ ತಿಂಗಳು ದಾಟುತ್ತಿದ್ದ ಹಾಗೆ 3 ಲಕ್ಷವೂ ಆಯ್ತು. ಅಂದರೆ ಹಾಳೆ 5 ವರ್ಷ ಅಂದರೂ ನಿಮಗೆ ಸಿಕ್ಕಿದ್ದು 3 ವರ್ಷ, ಮೇಲೆ ಒಂದೂವರೆ ತಿಂಗಳು. ಅದೇ ತಿಂಗಳಿಗೆ 2,500 ಓಡುವ ಗಾಡಿ 3 ವರ್ಷಕ್ಕೆ 90,000 ಮುಟ್ಟುತ್ತದೆ, 5 ವರ್ಷಕ್ಕೆ ಒಂದೂವರೆ ಲಕ್ಷ. ಅದಕ್ಕೆ ಎರಡು ವರ್ಷ ಪೂರ್ತಿ ಸಿಗುತ್ತದೆ, ಆದರೆ ಆ ಎರಡು ವರ್ಷದಲ್ಲಿ ಓಡುವುದು 60,000 ಮಾತ್ರ.

ಈಗ ಕಿಲೋಮೀಟರಿಗೆ ಎಷ್ಟು ಬಿತ್ತು ನೋಡಿ. ಜಾಸ್ತಿ ಓಡುವ ಗಾಡಿಗೆ 1 ಲಕ್ಷ ಕಿಲೋಮೀಟರಿಗೆ 48,000, ಅಂದರೆ 48 ಪೈಸೆ. ಕಡಿಮೆ ಓಡುವ ಗಾಡಿಗೆ 80 ಪೈಸೆ. ಜೊತೆಗೆ ಜಾಸ್ತಿ ಓಡುವ ಗಾಡಿಗೆ ರಕ್ಷಣೆ ಸಿಗುತ್ತಿರುವುದು 2 ಲಕ್ಷದಿಂದ 3 ಲಕ್ಷದ ನಡುವೆ. ಇಂಜೆಕ್ಟರ್, ಟರ್ಬೊ, ಪಂಪ್ ಇವೆಲ್ಲ ತಕರಾರು ತೆಗೆಯುವ ಸಾಧ್ಯತೆ 1 ಲಕ್ಷದ ಗಾಡಿಗಿಂತ ಆಗಲೇ ಜಾಸ್ತಿ. ಹಾಗಾಗಿ ವರ್ಷ ಕಡಿಮೆ ಸಿಕ್ಕಿತು ಅಂತ ಬೇಜಾರು ಮಾಡಿಕೊಳ್ಳಬೇಕಿಲ್ಲ. ಲಾಂಗ್ ಹೊಡೆಯುವವರಿಗೆ ಇದು ಹಲವು ಸಲ ಒಳ್ಳೆಯ ವ್ಯಾಪಾರವೇ. ವರ್ಷ ನೋಡಿ ಖುಷಿಪಟ್ಟು ತಗೊಂಡು, ಕೊನೆಯ ಎರಡು ವರ್ಷ ವಾರಂಟಿ ಇದೆ ಅಂತ ನಂಬಿಕೊಂಡು ಕೈಯಲ್ಲಿ ದುಡ್ಡಿಲ್ಲದೆ ಕೂತರೆ ಮಾತ್ರ ಕಷ್ಟ.

ಲೆಕ್ಕ ಹಾಕುವ ಮೊದಲು ಕಂಪನಿ ಕೊಟ್ಟಿರುವ ವಾರಂಟಿಯನ್ನೇ ಸರಿಯಾಗಿ ಓದಿ. 2018ರಲ್ಲಿ ಟಾಟಾ ಮೋಟಾರ್ಸ್ ತನ್ನ ದೊಡ್ಡ ಲಾರಿಗಳಿಗೆ 6 ವರ್ಷದ ವಾರಂಟಿ ಕೊಡಲು ಶುರು ಮಾಡಿತು. ದೊಡ್ಡ ಗಾಡಿಗಳಲ್ಲಿ ಇಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗೆ ಅಂತಲೇ ಬೇರೆ, ಉದ್ದನೆಯ ವಾರಂಟಿ ಇರುವುದುಂಟು. ಅದಕ್ಕೆ ಡ್ರೈವ್‌ಲೈನ್ ವಾರಂಟಿ ಅನ್ನುತ್ತಾರೆ. ಅದು ಮೊದಲೇ ಇದ್ದರೆ ಎಕ್ಸ್‌ಟೆಂಡೆಡ್ ಹಾಳೆ ಹೊಸದಾಗಿ ಏನು ಸೇರಿಸುತ್ತದೆ ಅಂತ ಕೇಳಲೇಬೇಕು. ಇರುವುದಕ್ಕೇ ಇನ್ನೊಮ್ಮೆ ದುಡ್ಡು ಕೊಡಬಾರದು ಅಲ್ವಾ?

ಆಮೇಲೆ ಹಾಳೆಯಲ್ಲಿ ಯಾವ ಸಾಮಾನು ಬರುತ್ತದೆ ಅಂತ ನೋಡಿ. ಕ್ಲಚ್ ಪ್ಲೇಟ್, ಬ್ರೇಕ್ ಲೈನರ್, ಫಿಲ್ಟರ್, ಬೆಲ್ಟ್, ಬಲ್ಬು, ರಬ್ಬರ್ ಬುಷ್ ಇವು ಸವೆಯುವ ಸಾಮಾನು, ಸಾಮಾನ್ಯವಾಗಿ ಎಲ್ಲೂ ಬರುವುದಿಲ್ಲ. ಟೈರ್ ಮತ್ತು ಬ್ಯಾಟರಿಗೆ ಅವುಗಳ ಕಂಪನಿಯವರೇ ಜವಾಬ್ದಾರರು. ಬರೀ ಚಾಸಿ ತಗೊಂಡು ಹೊರಗೆ ಬಾಡಿ ಕಟ್ಟಿಸಿದ್ದರೆ ಆ ಬಾಡಿ ಇದರಲ್ಲಿ ಸೇರುವುದಿಲ್ಲ. ಇವೆಲ್ಲ ಇಲ್ಲ ಅಂದರೂ ಚಿಂತೆ ಇಲ್ಲ, ಇವು ನಮಗೆ ಗೊತ್ತಿರುವ ಖರ್ಚು.

ಗೊತ್ತಿಲ್ಲದ ಖರ್ಚು ಇರುವುದು ಬಿಎಸ್6ನಲ್ಲಿ. ಬಿಎಸ್6 ಅಂದರೆ ಗಾಡಿಯ ಹೊಗೆ ಎಷ್ಟು ಶುದ್ಧವಾಗಿರಬೇಕು ಅನ್ನುವ ಸರ್ಕಾರಿ ನಿಯಮ, 2020ರ ಏಪ್ರಿಲ್ 1ರಿಂದ ಹೊಸ ಗಾಡಿಗಳೆಲ್ಲ ಬಿಎಸ್6. ಹಳೆಯ ಗಾಡಿಯಾದರೆ ಹೈವೇ ಪಕ್ಕದ ಮೆಕ್ಯಾನಿಕ್ ಪಂಪ್ ಬಿಚ್ಚಿ, ರಿಪೇರಿ ಮಾಡಿ, ಸಂಜೆಗೆ ಕಳಿಸುತ್ತಿದ್ದ. ಈಗಿನದರಲ್ಲಿ ಸೈಲೆನ್ಸರ್ ಜಾಗದಲ್ಲೇ ಒಂದು ಸಣ್ಣ ಕಾರ್ಖಾನೆ ಇದೆ. ಮಸಿ ಹಿಡಿಯುವ ಡಿಪಿಎಫ್, ಹೊಗೆಗೆ ಯೂರಿಯಾ ಸಿಂಪಡಿಸುವ ಎಸ್‌ಸಿಆರ್, ಅದರ ಪಂಪು, ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್ ಅಳೆಯುವ ನಾಕ್ಸ್ ಸೆನ್ಸರ್, ಇದನ್ನೆಲ್ಲ ನೋಡಿಕೊಳ್ಳುವ ಇಸಿಯು ಅನ್ನುವ ಕಂಪ್ಯೂಟರ್. ನಾವು ಯೂರಿಯಾ ಅನ್ನುವುದು ನೂರಕ್ಕೆ 32.5 ಭಾಗ ಯೂರಿಯಾ, ಉಳಿದದ್ದು ಶುದ್ಧ ನೀರು. ಒಂದು ಸೆನ್ಸರ್ ತಪ್ಪು ರೀಡಿಂಗ್ ಕೊಟ್ಟರೂ ಚೆಕ್ ಲೈಟ್ ಬರುತ್ತದೆ, ಸ್ವಲ್ಪ ದೂರ ಹೋದ ಮೇಲೆ ಇಂಜಿನ್ ಎಳೆತ ಕಡಿಮೆಯಾಗುತ್ತದೆ, ಲೋಡ್ ಇರುವ ಗಾಡಿ ಏರಿನಲ್ಲಿ ಹತ್ತುವುದಿಲ್ಲ. ಆಗ ಸ್ಪ್ಯಾನರ್ ಹಿಡಿದವನು ಸಾಲದು, ಲ್ಯಾಪ್‌ಟಾಪ್ ಹಿಡಿದವನು ಬೇಕು.

ಆದ್ದರಿಂದ ಹಾಳೆಯಲ್ಲಿ ಈ ಹೆಸರುಗಳನ್ನು ಬೆರಳಿಟ್ಟು ಹುಡುಕಿ: ಇಂಜೆಕ್ಟರ್, ಹೈ ಪ್ರೆಷರ್ ಪಂಪ್, ಟರ್ಬೊ, ಇಸಿಯು, ನಾಕ್ಸ್ ಸೆನ್ಸರ್, ಯೂರಿಯಾ ಪಂಪ್, ಡಿಪಿಎಫ್, ಎಸ್‌ಸಿಆರ್. ಇವು ಇದ್ದರೆ ಮಾತಾಡಿ. ಬರೀ "ಇಂಜಿನ್ ಮತ್ತು ಗೇರ್‌ಬಾಕ್ಸ್" ಅಂತ ಇದ್ದು ಇವುಗಳ ಸುದ್ದಿಯೇ ಇಲ್ಲದಿದ್ದರೆ ನನ್ನ ಮಟ್ಟಿಗೆ ಆ ಹಾಳೆಗೆ ಅಷ್ಟು ದುಡ್ಡು ಕೊಡಬಾರದು. "ಎಲ್ಲಾ ಬರುತ್ತೆ ಅಣ್ಣಾ" ಅನ್ನುವ ಮಾತಿಗೆ ಬೆಲೆ ಇಲ್ಲ. ಬರುತ್ತೆ ಅಂದರೆ ಅದನ್ನೇ ವಾಟ್ಸಾಪ್‌ನಲ್ಲಿ ಬರೆದು ಕಳಿಸು ಅನ್ನಿ.

ಸಾಮಾನಿನ ಹೆಸರು ಇದ್ದರಷ್ಟೇ ಸಾಲದು, ಹಾಳೆಯ ಷರತ್ತೂ ಓದಬೇಕು. ನನಗೆ ಇದು ಗೊತ್ತಾಗಿದ್ದು ಕೃಷ್ಣಗಿರಿ ಹತ್ತಿರ. ಮೆಕ್ಕೆಜೋಳದ ಸೀಸನ್. ಗಾಡಿ ಫುಲ್ ಲೋಡ್, ಟರ್ಬೊ ಹೋಯಿತು. ವಾರಂಟಿ ಇದೆ ಅಂತ ಧೈರ್ಯವಾಗಿ ವರ್ಕ್‌ಶಾಪ್‌ಗೆ ಎಳೆಸಿದೆ. ಅವರು ಸರ್ವಿಸ್ ಹಿಸ್ಟರಿ ತೆಗೆದರು. ಹಿಂದಿನ ಆಯಿಲ್ ಚೇಂಜ್ ಸುಮಾರು 3,000 ಕಿಲೋಮೀಟರ್ ತಡವಾಗಿತ್ತು, ಅದೂ ಸೀಸನ್ ಗಡಿಬಿಡಿಯಲ್ಲಿ ಹೊರಗೆ ಮಾಡಿಸಿದ್ದು, ಬಿಲ್ ಇಲ್ಲ. ಆಯಿಲ್ ಸರಿಯಿಲ್ಲದೆ ಟರ್ಬೊ ಹೋಗಿದೆ, ಕ್ಲೇಮ್ ಬರಲ್ಲ ಅಂದರು. ಮೂರು ದಿನ ನಿಂತೆ, ಸಾಮಾನಿನ ದುಡ್ಡು ನಾನೇ ಕೊಟ್ಟೆ. ವಾರಂಟಿ ಮಾರಿದ ಶೋರೂಮ್‌ನವರು ಹೊರಗೆ ಆಯಿಲ್ ಹಾಕಿಸಬಾರದು ಅಂತ ಒಂದು ದಿನವೂ ಹೇಳಿರಲಿಲ್ಲ. ಹಾಳೆಯಲ್ಲಿ ಬರೆದಿತ್ತು, ನಾನು ಓದಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ನಿಮ್ಮಿಂದ ಸರ್ವಿಸ್ ದಿನಾಂಕ ಕಾಯಲು ಆಗುತ್ತದಾ ಅಂತ ಪ್ರಾಮಾಣಿಕವಾಗಿ ಯೋಚಿಸಿ. ಆಗುವುದಿಲ್ಲ ಅಂದರೆ ವಾರಂಟಿ ತಗೊಂಡೂ ಪ್ರಯೋಜನವಿಲ್ಲ. ಇಲ್ಲಿ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣಾ ಒಪ್ಪಂದ, ನೆರವಿಗೆ ಬರುತ್ತದೆ. ಎಎಂಸಿ ಬೇರೆ, ವಾರಂಟಿ ಬೇರೆ, ಶೋರೂಮ್‌ನಲ್ಲಿ ಎರಡನ್ನೂ ಸೇರಿಸಿ ಮಾತಾಡುತ್ತಾರೆ. ಎಎಂಸಿ ಅಂದರೆ ಆಯಿಲ್, ಫಿಲ್ಟರ್, ಲೇಬರ್ ಇಂಥ ನಿಯಮಿತ ಸರ್ವಿಸ್. ವಾರಂಟಿ ಅಂದರೆ ಕೆಟ್ಟುಹೋದ ಸಾಮಾನು ಬದಲಿಸುವುದು. ಎಎಂಸಿ ಇದ್ದರೆ ಸರ್ವಿಸ್ ಎಲ್ಲ ಕಂಪನಿ ವರ್ಕ್‌ಶಾಪ್‌ನಲ್ಲೇ ಆಗಿ ದಾಖಲೆ ತಾನಾಗಿಯೇ ಉಳಿಯುತ್ತದೆ, ನಾಳೆ ಕ್ಲೇಮ್‌ಗೆ ಅದೇ ಆಧಾರ. ಇನ್ಶೂರೆನ್ಸ್ ಇದೆಯಲ್ಲ ಅಂತ ಕೆಲವರು ಅನ್ನುತ್ತಾರೆ. ಅದು ಅಪಘಾತಕ್ಕೆ, ತಾನಾಗಿ ಕೆಟ್ಟ ಟರ್ಬೊಗೆ ಅಲ್ಲ.

ಕ್ಲೇಮ್ ಬಿದ್ದುಹೋಗುವ ಇನ್ನೂ ಕೆಲವು ದಾರಿಗಳಿವೆ. ದೊಡ್ಡದು ಓವರ್‌ಲೋಡ್. 2018ರ ಜುಲೈನಲ್ಲಿ ಹತ್ತು ಚಕ್ರದ ಗಾಡಿಯ ಒಟ್ಟು ತೂಕದ ಮಿತಿಯನ್ನು 25 ಟನ್‌ನಿಂದ 28.5 ಟನ್‌ಗೆ ಏರಿಸಿದರು, ಆದರೆ ನಿಮಗೆ ಅನ್ವಯ ಆಗುವುದು ನಿಮ್ಮ ಆರ್‌ಸಿಯಲ್ಲಿರುವ ತೂಕ. ಮುರಿದ ಆಕ್ಸಲ್ ನೋಡಿದರೆ ಕಂಪನಿ ಇಂಜಿನಿಯರ್‌ಗೆ ಹೇರಿದ ಭಾರ ಅಂದಾಜಾಗುತ್ತದೆ. ಸಂಡೂರು ಕಡೆ ಅದಿರು ಹೊಡೆಯುವವರಾಗಲಿ, ಮರಳು ಹೊಡೆಯುವವರಾಗಲಿ ಓವರ್‌ಲೋಡ್ ಬಿಡಲು ಆಗದಿದ್ದರೆ ವಾರಂಟಿಗೆ ದುಡ್ಡು ಹಾಕಬೇಡಿ. ಸರಿಯಾದ ತೂಕದಲ್ಲೇ ಓಡಿಸುತ್ತೀರಾದರೆ ವೇಬ್ರಿಜ್ ಚೀಟಿಗಳ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ. ಲೈಟು, ಹಾರ್ನ್ ಹಾಕಿಸಲು ವೈರಿಂಗ್ ಕತ್ತರಿಸಿದರೆ ಎಲೆಕ್ಟ್ರಿಕಲ್ ಕ್ಲೇಮ್ ಕಷ್ಟ. ಅಗ್ಗದ ಯೂರಿಯಾ ಹಾಕಿದರೂ ಕಷ್ಟ, ಡೀಸೆಲ್ ಮತ್ತು ಯೂರಿಯಾ ಬಿಲ್ ಎರಡೂ ಇಟ್ಟುಕೊಳ್ಳಿ. ಯೂರಿಯಾ ಸಿಸ್ಟಮ್ ಬೈಪಾಸ್ ಮಾಡಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ, ವಾರಂಟಿಯೂ ಹೋಗುತ್ತದೆ, ಕಾನೂನಿಗೂ ಅದು ತಪ್ಪು.

ದುಡ್ಡಿನ ಮಾತು. ಲೋನ್‌ನಲ್ಲಿ ಸೇರಿಸಿದರೆ 48,000 ರೂಪಾಯಿ 48,000 ಆಗಿ ಉಳಿಯುವುದಿಲ್ಲ. ವರ್ಷಕ್ಕೆ 11% ಬಡ್ಡಿ, 4 ವರ್ಷದ ಕಂತು ಅಂದರೆ ತಿಂಗಳಿಗೆ ಸುಮಾರು 1,240, ಕೊನೆಗೆ ಹತ್ತಿರ ಹತ್ತಿರ 59,500 ಕಟ್ಟಿರುತ್ತೀರಿ. ಹೇಳಿದ ರೇಟಿನಲ್ಲಿ 18% ಜಿಎಸ್‌ಟಿ ಸೇರಿದೆಯಾ ಕೇಳಿ. ಬಾಡಿಗೆಗೆ 5% ಜಿಎಸ್‌ಟಿ ಪದ್ಧತಿಯಲ್ಲಿರುವವರಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಆ ತೆರಿಗೆ ಪೂರ್ತಿ ನಿಮ್ಮ ಜೇಬಿಂದಲೇ. ಡೆಲಿವರಿ ದಿನವೇ ತಗೊಳ್ಳಬೇಕಾ, ಕಂಪನಿ ವಾರಂಟಿ ಮುಗಿಯುವ ಮೊದಲು ಯಾವಾಗಲಾದರೂ ಆಗುತ್ತದಾ, ಆಗ ರೇಟು ಎಷ್ಟು ಏರುತ್ತದೆ ಅಂತಲೂ ಕೇಳಿ. ಆರು ತಿಂಗಳು ಓಡಿಸಿ ನಿಮ್ಮ ನಿಜವಾದ ಕಿಲೋಮೀಟರ್ ಗೊತ್ತಾದ ಮೇಲೆ ನಿರ್ಧರಿಸುವುದೇ ಎಲ್ಲಕ್ಕಿಂತ ಒಳ್ಳೆಯದು. ಗಾಡಿ ಮಾರಿದರೆ ವಾರಂಟಿ ಹೊಸ ಮಾಲೀಕನ ಹೆಸರಿಗೆ ಹೋಗುತ್ತದಾ ಅನ್ನುವುದೂ ಮುಖ್ಯ, ನಾಲ್ಕನೇ ವರ್ಷಕ್ಕೆ ಮಾರುವವರಿಗೆ ಅದರಿಂದ ರೇಟು ಸಿಗುತ್ತದೆ. ಹೊರ ರಾಜ್ಯಕ್ಕೆ ಓಡುವವರು ವಾರಂಟಿ ಕೊಡುತ್ತಿರುವುದು ಗಾಡಿ ಕಂಪನಿಯೋ, ಬರೀ ಡೀಲರೋ ನೋಡಿ. ಡೀಲರ್ ಕೊಟ್ಟದ್ದಾದರೆ ಸೇಲಂನಲ್ಲಿ ನಿಂತಾಗ ನಡೆಯುತ್ತದಾ ಅಂತ ಮೊದಲೇ ಖಚಿತ ಮಾಡಿಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ: ಒಂದೇ ಲಾರಿ, ಮೇಲೆ ಕಂತು, ತಿಂಗಳಿಗೆ 6,000ಕ್ಕಿಂತ ಜಾಸ್ತಿ ಓಟ, ಹಾಳೆಯಲ್ಲಿ ಮೇಲೆ ಹೇಳಿದ ಸಾಮಾನುಗಳಿವೆ ಅಂದರೆ ತಗೊಳ್ಳಿ. ಒಂದು ದೊಡ್ಡ ಬಿಲ್ ಬಂದು, ಗಾಡಿಯೂ ನಿಂತು, ಎರಡು ಕಂತು ತಪ್ಪಿದರೆ ಎದ್ದು ನಿಲ್ಲುವುದು ಕಷ್ಟ. ಐದಾರು ಗಾಡಿ ಇರುವವರು ಅದೇ ದುಡ್ಡನ್ನು ಪ್ರತಿ ಗಾಡಿಗೂ ಕಿಲೋಮೀಟರಿಗೆ 40–50 ಪೈಸೆಯಂತೆ ಬೇರೆ ಖಾತೆಯಲ್ಲಿ ಹಾಕುತ್ತಾ ಬನ್ನಿ. ಎಲ್ಲಾ ಗಾಡಿ ಒಟ್ಟಿಗೆ ಕೆಡುವುದಿಲ್ಲ, ಒಂದರ ಖರ್ಚನ್ನು ಉಳಿದವು ಹೊರುತ್ತವೆ. ನನ್ನ ಪಿಕಪ್‌ಗೆ ನಾನು ಮಾಡಿದ್ದೂ ಇದೇ, ತಿಂಗಳಿಗೆ 1,000 ರೂಪಾಯಿ ಆರ್‌ಡಿ. ಆದರೆ ಪೇಟೆಯೊಳಗೆ ಸಣ್ಣ ಸಣ್ಣ ಟ್ರಿಪ್ ಮಾತ್ರ ಹೊಡೆಯುವ ಗಾಡಿಯಲ್ಲಿ ಹೊಗೆ ಸರಿಯಾಗಿ ಬಿಸಿಯಾಗದೆ ಡಿಪಿಎಫ್ ಕಟ್ಟಿಕೊಳ್ಳುವುದುಂಟು, ಓಟ ಕಡಿಮೆ ಅಂತ ಅದನ್ನು ಮರೆಯಬೇಡಿ.

ಕ್ಲೇಮ್ ಸುಮ್ನೆ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. 2019ರ ಗ್ರಾಹಕ ರಕ್ಷಣಾ ಕಾಯ್ದೆ ವ್ಯಾಪಾರಕ್ಕೆ ಕೊಂಡ ವಸ್ತುವನ್ನು ಹೊರಗಿಡುತ್ತದೆ, ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಮಾತ್ರ ಬಳಸುವವರನ್ನು ಗ್ರಾಹಕರೆಂದೇ ಒಪ್ಪುತ್ತದೆ. ತಾನೇ ಓಡಿಸುವ ಒಂದು ಗಾಡಿಯ ಮಾಲೀಕನಿಗೆ ಇದು ದೊಡ್ಡ ಬಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು, ಗ್ರಾಹಕರ ಆಯೋಗಕ್ಕೆ ಹೋಗಲು 2 ವರ್ಷದ ಗಡುವು ಇದೆ.

ತಗೊಂಡ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಶೋರೂಮ್ ರಸೀದಿ ಸಾಲದು, ನಿಮ್ಮ ಚಾಸಿ ನಂಬರ್, ಶುರುವಾಗುವ ಮತ್ತು ಮುಗಿಯುವ ದಿನಾಂಕ, ಕಿಲೋಮೀಟರ್ ಇರುವ ಸರ್ಟಿಫಿಕೇಟ್ ಬೇಕು. ಒಂದು ವಾರ ಬಿಟ್ಟು ವಾರಂಟಿ ಕೊಟ್ಟ ಕಂಪನಿಯ ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿ, ಚಾಸಿ ನಂಬರ್ ಹೇಳಿ, ವಾರಂಟಿ ಅವರ ಸಿಸ್ಟಮ್‌ನಲ್ಲಿ ಕಾಣುತ್ತಿದೆಯಾ ಕೇಳಿ. ಕಾಣದಿದ್ದರೆ ಅದೇ ದಿನ ರಸೀದಿ ಹಿಡಿದು ಶೋರೂಮ್‌ಗೆ ಹೋಗಿ, ಸರ್ಟಿಫಿಕೇಟ್ ಕೈಗೆ ಬರುವ ತನಕ ಅಲ್ಲಿಂದ ಏಳಬೇಡಿ.