ಮೊದಲು ವೈಸ್, ಆಮೇಲೆ ಸ್ಪ್ಯಾನರ್: ಮನೆಯಲ್ಲೇ ಸೈಕಲ್ ಕಟ್ಟುವ ವರ್ಕ್‌ಶಾಪ್

ಮನೆಯಲ್ಲೇ ಸೈಕಲ್ ಕಟ್ಟಬೇಕೆಂದು ಹೊರಟವರು ಮೊದಲು ಮಾಡುವ ಕೆಲಸ ಟೂಲ್‌ಕಿಟ್ ಕೊಳ್ಳುವುದು. ನೂರೆಂಟು ತುಂಡುಗಳ ಪೆಟ್ಟಿಗೆ ಮನೆಗೆ ಬರುತ್ತದೆ. ಸೈಕಲ್ಲು ಮಾತ್ರ ನೆಲದ ಮೇಲೆ ತಲೆಕೆಳಗಾಗಿ ನಿಂತಿರುತ್ತದೆ. ಕಾಲಲ್ಲಿ ಚಕ್ರ ಒತ್ತಿಕೊಂಡು, ಒಂದು ಕೈಯಲ್ಲಿ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಹಿಡಿದು, ಇನ್ನೊಂದರಲ್ಲಿ ಸ್ಪ್ಯಾನರ್ ಎಳೆಯುತ್ತಾರೆ. ಸ್ಪ್ಯಾನರ್ ಜಾರುತ್ತದೆ, ನಟ್ಟಿನ ಮೂಲೆ ಸವೆಯುತ್ತದೆ, ಬೆರಳಿನ ಗೆಣ್ಣು ಸುಲಿಯುತ್ತದೆ. ಬೈಗುಳವೆಲ್ಲ ಸ್ಪ್ಯಾನರಿಗೆ. ಇದನ್ನು ನೋಡಿ ನೋಡಿ ಸಾಕಾಗಿದೆ. ಹಾಗಾಗಿ ‘ಯಾವ ಕಿಟ್ ತಗೊಳ್ಳಲಿ’ ಎಂದು ಕೇಳಿದವರನ್ನು ‘ವೈಸ್ ಎಲ್ಲಿ ಕೂರಿಸಿದ್ದೀರಿ’ ಎಂದು ತಿರುಗಿ ಕೇಳುತ್ತೇನೆ. ವೈಸ್ ಎಂದರೆ ಬೆಂಚಿಗೆ ಕೂರಿಸಿ, ಸಾಮಾನನ್ನು ಎರಡು ದವಡೆಗಳ ನಡುವೆ ಕಚ್ಚಿ ಹಿಡಿಯುವ ಕಬ್ಬಿಣದ ಸಾಧನ.

ವರ್ಕ್‌ಶಾಪಿನಲ್ಲಿ ತಿರುಗಿಸುವ ಸಾಮಾನಿಗಿಂತ ಹಿಡಿದುಕೊಳ್ಳುವ ಸಾಮಾನು ಮುಖ್ಯ. ಬೆಂಚಿನ ವೈಸ್, ಸೈಕಲ್ ನೇತುಹಾಕುವ ಸ್ಟ್ಯಾಂಡ್, ಚಕ್ರ ಸರಿಮಾಡುವ ಸ್ಟ್ಯಾಂಡ್ ಈ ಮೂರೂ ಅಲುಗದೆ ನಿಂತರೆ ಸಾಧಾರಣ ಸ್ಪ್ಯಾನರಿನಲ್ಲೂ ಕೆಲಸ ನಡೆಯುತ್ತದೆ. ಅವು ಅಲುಗಿದರೆ ದುಬಾರಿ ಸೆಟ್ಟೂ ದಂಡ. ಇಲ್ಲಿ ಹೇಳುತ್ತಿರುವುದು ಫ್ರೇಮ್ ತಂದು ಬಿಡಿಭಾಗ ಜೋಡಿಸುವವರ ವರ್ಕ್‌ಶಾಪಿನ ಬಗ್ಗೆ. ಪೈಪು ಬೆಸೆದು ಫ್ರೇಮನ್ನೇ ಮಾಡುವವರಿಗೆ ಗ್ಯಾಸು, ಬೆಂಕಿ, ಹೊಗೆ ಹೋಗುವ ದಾರಿ ಎಲ್ಲ ಬೇಕು. ಅದು ಬೇರೆಯೇ ವ್ಯವಹಾರ.

ಹೆಜ್ಜೆ 1: ಜಾಗ

ಸೈಕಲ್ಲಿನ ಉದ್ದ ಸುಮಾರು 1.75 ಮೀಟರ್. ಅದರ ಸುತ್ತ ಓಡಾಡಲು ಎರಡೂವರೆ ಮೀಟರ್ ಉದ್ದ, ಎರಡು ಮೀಟರ್ ಅಗಲ ಇದ್ದರೆ ಸಾಕು. ಬೋಲ್ಟ್ ಹೊಡೆಯಬಹುದಾದ ಗಟ್ಟಿ ಗೋಡೆ ಒಂದಿರಲಿ. ನೆಲಕ್ಕೆ ತಿಳಿ ಬಣ್ಣದ ರಬ್ಬರ್ ಮ್ಯಾಟ್ ಹಾಕಿ. ಕಪ್ಪು ಮ್ಯಾಟಿನ ಮೇಲೆ ಬಿದ್ದ ಬೇರಿಂಗ್ ಗುಂಡು ಸಿಕ್ಕುವುದಿಲ್ಲ.

ಹೆಜ್ಜೆ 2: ಬೆಂಚು ಮತ್ತು ವೈಸ್

ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ. ಮನೆಯಲ್ಲಿದ್ದ ಹಳೆಯ ಮೇಜಿಗೆ ವೈಸ್ ಕೂರಿಸಿಬಿಡುತ್ತಾರೆ. ಬರೆಯುವ ಮೇಜು ಸುಮಾರು 75 ಸೆಂ.ಮೀ. ಎತ್ತರವಿರುತ್ತದೆ, ಕುರ್ಚಿಯಲ್ಲಿ ಕೂತವರಿಗೆಂದು ಮಾಡಿದ್ದು. ನಿಂತು ಕೆಲಸ ಮಾಡುವವರ ಸೊಂಟ ಅರ್ಧ ಗಂಟೆಯಲ್ಲಿ ಹಿಡಿದುಕೊಳ್ಳುತ್ತದೆ.

ಅಳತೆ ಹೀಗೆ ತೆಗೆಯಿರಿ: ನೆಟ್ಟಗೆ ನಿಂತು ಮೊಣಕೈ ಮಡಚಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. ವೈಸಿನ ದವಡೆಯ ಮೇಲಂಚು ಆ ಎತ್ತರಕ್ಕೆ ಬರಬೇಕು. ಅದರಲ್ಲಿ ವೈಸಿನ ಎತ್ತರವನ್ನು ಕಳೆದರೆ ಉಳಿದದ್ದು ಬೆಂಚಿನ ಎತ್ತರ. ಅಂದರೆ ಮೊದಲು ವೈಸ್ ಕೊಳ್ಳಬೇಕು, ಆಮೇಲೆ ಬೆಂಚು ಮಾಡಿಸಬೇಕು.

ವೈಸಿನ ದವಡೆ 100 ಮಿ.ಮೀ.ಗಿಂತ ಕಡಿಮೆ ಬೇಡ. 125 ಆದರೆ ಒಳ್ಳೆಯದು. ಮೇಜಿನ ಅಂಚಿಗೆ ಸ್ಕ್ರೂನಿಂದ ಕಚ್ಚಿಸುವ ಪುಟ್ಟ ವೈಸುಗಳು, ರಬ್ಬರ್ ಬುಡದಿಂದ ಮೇಲ್ಮೈಗೆ ಅಂಟಿಕೊಳ್ಳುವ ವೈಸುಗಳು ಸೈಕಲ್ ಕೆಲಸಕ್ಕೆ ಆಟದ ಸಾಮಾನು. ತಿರುಗುವ ಬುಡದ ವೈಸೂ ನನಗೆ ಹಿಡಿಸುವುದಿಲ್ಲ. ಜಾರಲು ಇನ್ನೊಂದು ಜಾಗವನ್ನು ನಾವೇ ಯಾಕೆ ಕೊಂಡು ತರಬೇಕು?

ಬೆಂಚಿನ ಹಲಗೆಗೆ 18 ಮಿ.ಮೀ. ಪ್ಲೈವುಡ್ಡಿನ ಎರಡು ಪದರ ಸೇರಿಸಿ, ಅಂಟು ಹಚ್ಚಿ, ಕೆಳಗಿನಿಂದ ಸ್ಕ್ರೂ ಹೊಡೆಯಿರಿ. ಕಾಲುಗಳಿಗೆ ಅಡ್ಡಪಟ್ಟಿ ಇರಲೇಬೇಕು. ಹಿಂಬದಿಯ ಚೌಕಟ್ಟನ್ನು ಗೋಡೆಗೆ ಬೋಲ್ಟ್ ಮಾಡಿ. ವೈಸಿನ ಕೆಳಗೆ ಡ್ರಾಯರ್ ಬೇಡ. ಬೋಲ್ಟ್ ಬಿಗಿಯಲು ಕೈ ಹೋಗುವುದಿಲ್ಲ, ಪ್ರತಿ ಪೆಟ್ಟಿಗೂ ಒಳಗಿನ ಸಾಮಾನು ಕುಣಿಯುತ್ತದೆ.

ಬಲಗೈಯವರಾದರೆ ವೈಸ್ ಬೆಂಚಿನ ಬಲತುದಿಯಲ್ಲಿ, ಮುಂಗಾಲಿಗೆ ಆದಷ್ಟು ಹತ್ತಿರ ಕೂರಲಿ. ಎರಡು ಕಾಲುಗಳ ನಡುಮಧ್ಯೆ ಕೂರಿಸಿದರೆ ಹಲಗೆ ಬಳುಕುತ್ತದೆ. ಹಾಗೆಂದು ಸರಿಯಾಗಿ ಕಾಲಿನ ನೆತ್ತಿಯ ಮೇಲೂ ಬೇಡ, ಕೆಳಗಿನಿಂದ ನಟ್ ಹಾಕಲು ಜಾಗ ಸಿಗದು. ಬೋಲ್ಟಿನ ತೂತುಗಳು ಕಾಲಿನ ಪಕ್ಕಕ್ಕೇ ಬರುವಂತೆ ಗುರುತು ಮಾಡಿಕೊಳ್ಳಿ.

ಇನ್ನು ಯಾರೂ ಹೇಳಿಕೊಡದ ವಿಷಯ. ವೈಸಿನಲ್ಲಿ ಒಂದು ದವಡೆ ಓಡಾಡುತ್ತದೆ, ಇನ್ನೊಂದು ಕದಲುವುದಿಲ್ಲ. ಕದಲದ ದವಡೆಯ ಮುಖ ಬೆಂಚಿನ ಅಂಚಿಗಿಂತ ಒಂದೆರಡು ಮಿ.ಮೀ. ಹೊರಗೆ ಚಾಚಿರಬೇಕು. ಆಗ ಫೋರ್ಕಿನಂಥ (ಮುಂಚಕ್ರ ಹಿಡಿಯುವ ಕವೆ) ಉದ್ದ ಸಾಮಾನನ್ನು ನೆಟ್ಟಗೆ ಕಚ್ಚಿಸಿದರೆ ಅದು ಬೆಂಚಿಗೆ ತಾಗದೆ ಕೆಳಗಿನವರೆಗೂ ಇಳಿಯುತ್ತದೆ. ವೈಸನ್ನು ಅರ್ಧ ಅಡಿ ಒಳಗೆ ಕೂರಿಸಿದವರು ಮುಂದೆ ಪ್ರತಿ ಫೋರ್ಕನ್ನೂ ಓರೆಯಾಗಿ ಹಿಡಿದು ಪೇಚಾಡುತ್ತಾರೆ. ತೂತು ಕೊರೆಯುವ ಮೊದಲು ವೈಸನ್ನು ಸುಮ್ಮನೆ ಇಟ್ಟು, ದವಡೆ ಪೂರ್ತಿ ತೆರೆದು, ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿ ನೋಡಿ. ಅದು ಎಲ್ಲಿಯೂ ತಡೆಯಬಾರದು.

ಕೂರಿಸಲು ಮರದ ಸ್ಕ್ರೂ ಸಲ್ಲದು. ಮೇಲಿಂದ ಬಡಿದಾಗ ಅವು ತಡೆದಾವು, ಪಕ್ಕಕ್ಕೆ ತಿರುಚಿದಾಗ ಕಿತ್ತುಬರುತ್ತವೆ. ವೈಸಿನ ತೂತಿಗೆ ಹೊಂದುವ ಬೋಲ್ಟನ್ನು ಹಲಗೆಯ ಆರಪಾರ ಇಳಿಸಿ, ಕೆಳಗೆ ಅಗಲ ವಾಷರ್, ಸಾಧ್ಯವಾದರೆ 5 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿ ಕೊಟ್ಟು ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ, ಸುಲಭವಾಗಿ ಸಡಿಲಗೊಳ್ಳದ ನಟ್) ಬಿಗಿಯಿರಿ. ವಾರ ಬಿಟ್ಟು ಮತ್ತೊಮ್ಮೆ ಬಿಗಿಯಿರಿ, ಅಷ್ಟರಲ್ಲಿ ಪ್ಲೈವುಡ್ ಸ್ವಲ್ಪ ಅಮುಕಿರುತ್ತದೆ.

ಪರೀಕ್ಷೆಗೆ ಒಂದು ಹಳೆಯ ಹಿಂಚಕ್ರ ತನ್ನಿ, ಫ್ರೀವೀಲ್ (ಚೈನ್ ಕೂರುವ ಹಿಂದಿನ ಹಲ್ಲುಗಾಲಿ) ತುಕ್ಕು ಹಿಡಿದು ಕೂತಿದ್ದರೆ ಇನ್ನೂ ಚೆನ್ನ. ಫ್ರೀವೀಲ್ ಬಿಚ್ಚುವ ಟೂಲನ್ನು ವೈಸಿನಲ್ಲಿ ಹಲ್ಲು ಮೇಲೆ ಬರುವಂತೆ ಕಚ್ಚಿಸಿ. ಚಕ್ರವನ್ನು ಅಡ್ಡ ಮಲಗಿಸಿ, ಫ್ರೀವೀಲ್ ಕೆಳಮುಖವಾಗಿ, ಟೂಲಿನ ಹಲ್ಲುಗಳು ಒಳಗೆ ಕೂರುವಂತೆ ಇಳಿಸಿ. ರಿಮ್ಮನ್ನು ಎರಡೂ ಬದಿ ಹಿಡಿದು, ಮೇಲಿನಿಂದ ನೋಡಿದಂತೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಲಾರಿಯ ಸ್ಟೀರಿಂಗ್ ತಿರುಗಿಸುವ ಹಾಗೆ ಎಳೆಯಿರಿ. ಅರ್ಧ ಮೀಟರಿಗೂ ಹೆಚ್ಚು ಅಗಲದ ರಿಮ್ಮೇ ಹಿಡಿಕೆಯಾಗುವುದರಿಂದ ಮಾಮೂಲಿ ಸ್ಪ್ಯಾನರಿಗೆ ಇಷ್ಟು ಬಲ ಬರುವುದಿಲ್ಲ. ‘ಟಕ್’ ಎಂದು ಫ್ರೀವೀಲ್ ಬಿಟ್ಟುಕೊಂಡು ಬೆಂಚು ನಿಂತಲ್ಲೇ ನಿಂತಿದ್ದರೆ ಕೆಲಸ ಗೆದ್ದಂತೆ. ಫ್ರೀವೀಲಿನ ಬದಲು ಬೆಂಚೇ ತಿರುಗಿದರೆ ಗೋಡೆಯ ಬೋಲ್ಟ್ ಇನ್ನೊಂದು ಬೇಕು.

ದವಡೆಗಳಿಗೆ ಅಲ್ಯೂಮಿನಿಯಂ ಆಂಗಲ್ ತುಂಡುಗಳನ್ನು ಕತ್ತರಿಸಿ ಹೊದಿಸಿಕೊಳ್ಳಿ. ಹಬ್ಬಿನ (ಚಕ್ರದ ನಡುವಿನ ಗುಂಬ) ಆಕ್ಸಲ್ ಹಿಡಿಯಲು ಗಟ್ಟಿ ಮರದ ತುಂಡಿಗೆ ಆಕ್ಸಲಿನ ದಪ್ಪದ್ದೇ ತೂತು ಕೊರೆದು, ಒಂದು ಬದಿಯಿಂದ ತೂತಿನವರೆಗೆ ಗರಗಸದಿಂದ ಸೀಳಿದರೆ ಥ್ರೆಡ್ ಕೆಡದ ಹಿಡಿಕೆ ಸಿದ್ಧ. ಫ್ರೇಮಿನ ಪೈಪನ್ನು ಮಾತ್ರ ಏನೇ ಹೊದಿಸಿದರೂ ವೈಸಿಗೆ ಕೊಡಬೇಡಿ. ಒಳ್ಳೆಯ ಸ್ಟೀಲ್ ಪೈಪು ನಡುಭಾಗದಲ್ಲಿ 0.6 ಮಿ.ಮೀ.ವರೆಗೂ ತೆಳ್ಳಗಿರುತ್ತದೆ, ಒಮ್ಮೆ ನಗ್ಗಿದರೆ ನಗ್ಗಿದಂತೆಯೇ.

ಹೆಜ್ಜೆ 3: ಸೈಕಲ್ ಸ್ಟ್ಯಾಂಡ್

ಹಿಡಿಯಬೇಕಾದ್ದು ಸೀಟು ಕೂರುವ ಕೊಳವೆಯಾದ ಸೀಟ್‌ಪೋಸ್ಟನ್ನು. ಮೇಲಿನ ಪೈಪನ್ನು ಹಿಡಿದು ನೇತುಹಾಕಿದ ಸೈಕಲ್ ಕಂಡರೆ ಎದೆ ಧಸಕ್ಕೆನ್ನುತ್ತದೆ. ಪೋಸ್ಟ್ ಕಾರ್ಬನ್ ಆಗಿದ್ದರೆ ಅದನ್ನು ತೆಗೆದಿಟ್ಟು ಅದೇ ಅಳತೆಯ ಹಳೆಯ ಅಲ್ಯೂಮಿನಿಯಂ ಪೋಸ್ಟ್ ಹಾಕಿಕೊಳ್ಳಿ. 27.2, 30.9, 31.6 ಮಿ.ಮೀ. ಹೀಗೆ ಮೂರು ಹಳೆಯ ಪೋಸ್ಟ್ ಮೂಲೆಯಲ್ಲಿದ್ದರೆ ಬಹುಪಾಲು ಫ್ರೇಮುಗಳಿಗೆ ಆಯಿತು. ಚೈನಿನ ಬದಿ ನಿಮ್ಮ ಕಡೆಗಿರಲಿ, ಚೈನ್‌ವೀಲ್ ಹೊಕ್ಕುಳಿಂದ ಎದೆಯ ನಡುವಿನ ಎತ್ತರಕ್ಕೆ ಬರಲಿ.

ಮಡಚುವ ಕಾಲಿನ ಸ್ಟ್ಯಾಂಡುಗಳು ಗೇರ್ ಹೊಂದಿಸಲು ಸಾಕು, ಬಿಗಿಯುವ ಕೆಲಸಕ್ಕೆ ಸಾಲವು. ಗೋಡೆಗೆ ಬೋಲ್ಟ್ ಮಾಡುವ ತೋಳು ಇವೆಲ್ಲಕ್ಕಿಂತ ಮೇಲು. ಅಗ್ಗದ ದಾರಿಯೂ ಇದೆ: ಛಾವಣಿಯ ಕೊಕ್ಕೆಯಿಂದ ಎರಡು ಹಗ್ಗ ಬಿಟ್ಟು ಸೀಟು, ಹ್ಯಾಂಡಲ್ ಸಿಕ್ಕಿಸುವುದು. ಚೈನ್, ಗೇರ್, ತೊಳೆಯುವ ಕೆಲಸಕ್ಕೆ ಅದು ಧಾರಾಳ. ಪೆಡಲ್, ಕ್ರ್ಯಾಂಕ್ ಬೋಲ್ಟುಗಳನ್ನು ಯಾವ ಸ್ಟ್ಯಾಂಡ್ ಆದರೂ ಕೊನೆಯ ಬಿಗಿತಕ್ಕೆ ಇಳಿಸಿ, ಚಕ್ರ ನೆಲಕ್ಕೂರಿಯೇ ಬಿಗಿಯಬೇಕು.

ಹೆಜ್ಜೆ 4: ಚಕ್ರದ ಸ್ಟ್ಯಾಂಡ್

ಇದನ್ನು ಕೊಳ್ಳುವ ಆತುರ ಬೇಡ. ಹಳೆಯ ಫೋರ್ಕನ್ನು ತಲೆಕೆಳಗು ಮಾಡಿ, ಅದರ ಕಾಂಡವನ್ನು ವೈಸಿಗೆ ಕಚ್ಚಿಸಿದರೆ ಮುಂಚಕ್ರದ ಸ್ಟ್ಯಾಂಡ್ ತಯಾರು. ಎರಡೂ ಕಾಲಿಗೆ ಪ್ಲಾಸ್ಟಿಕ್ ಜಿಪ್ ಟೈ ಬಿಗಿದು, ತುದಿ ರಿಮ್ಮಿಗೆ ಕೂದಲೆಳೆ ದೂರವಿರುವಂತೆ ಕತ್ತರಿಸಿ. ಹಿಂದೆ ಬಿಳಿ ಕಾಗದ ಅಂಟಿಸಿದರೆ ರಿಮ್ ಎಲ್ಲಿ ಓಲಾಡುತ್ತಿದೆ ಎಂಬುದು ಎದ್ದು ಕಾಣುತ್ತದೆ. ಹಳೆಯ ಮಾದರಿಯ ಮುಂದಿನ ಹಬ್ಬಿಗೆ ಫೋರ್ಕಿನ ಕಾಲುಗಳ ಅಂತರ 100 ಮಿ.ಮೀ., ಹಿಂದಿನದಕ್ಕೆ 130 ಅಥವಾ 135. ಹಾಗಾಗಿ ಹಿಂಚಕ್ರ ಈ ಫೋರ್ಕಿಗೆ ಕೂರದು. ಅದನ್ನು ಸೈಕಲ್ಲಿನಲ್ಲೇ ಇಟ್ಟು ಸರಿಮಾಡಿ. ರಿಮ್ ನಡುಮಧ್ಯದಲ್ಲಿದೆಯೇ ಎಂದು ತಿಳಿಯಲು ಚಕ್ರವನ್ನು ಎಡಬಲ ಅದಲುಬದಲು ಮಾಡಿ ಕೂರಿಸಿ ನೋಡಿ.

ಸ್ಪೋಕ್ ಕೀ ವಿಷಯದಲ್ಲಿ ಜಿಪುಣತನ ಬೇಡ. ಸುತ್ತಲೂ ಎಂಟು ಹತ್ತು ಕಚ್ಚುಗಳಿರುವ ಗುಂಡನೆಯ ಕೀ ನಿಪ್ಪಲ್ಲಿನ (ಸ್ಪೋಕನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್) ಮೂಲೆ ತಿನ್ನುತ್ತದೆ. ನಿಮ್ಮ ನಿಪ್ಪಲ್ 3.23 ಮಿ.ಮೀ. ಇದೆಯೋ 3.45 ಇದೆಯೋ ಅಳೆದು, ಅದೊಂದೇ ಅಳತೆಯ ಕೀ ಕೊಳ್ಳಿ. ಟೈರಿನ ಕಡೆಯಿಂದ ನೋಡಿದಾಗ ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ಸಡಿಲ. ಹಬ್ಬಿನ ಕಡೆಯಿಂದ ನೋಡುವವರಿಗೆ ಇದು ಉಲ್ಟಾ ಕಾಣುತ್ತದೆ, ಚಕ್ರಗಳು ಕೆಡುವುದು ಹೆಚ್ಚಾಗಿ ಹೀಗೆಯೇ. ಸ್ಟ್ಯಾಂಡಿನ ಎದುರಿನ ಗೋಡೆಯ ಮೇಲೆ ಬಾಣದ ಗುರುತು ಬರೆದಿಡಿ.

ಹೆಜ್ಜೆ 5: ಬೆಳಕು

ಬೆಂಚಿಗೆ ಎಡಕ್ಕೊಂದು ಬಲಕ್ಕೊಂದು, ಸ್ಟ್ಯಾಂಡಿಗೆ ಇನ್ನೊಂದು. ನಡುವೆ ಒಂದೇ ದೀಪ ಹಾಕಿದರೆ ನಿಮ್ಮ ತಲೆಯ ನೆರಳಲ್ಲೇ ಕೆಲಸ ಮಾಡುತ್ತೀರಿ.

ಹೆಜ್ಜೆ 6: ಈಗ ಸ್ಪ್ಯಾನರ್

ದೊಡ್ಡ ಸೆಟ್ ಬೇಡ. 2ರಿಂದ 8 ಮಿ.ಮೀ.ವರೆಗಿನ ಒಳ್ಳೆಯ ಅಲೆನ್ ಕೀ, ಒಂದು ಟಿ25 (ನಕ್ಷತ್ರದ ತುದಿಯ ಕೀ), ಹಬ್ಬಿನ ಬೇರಿಂಗ್ ಹೊಂದಿಸಲು 13ರಿಂದ 17ರವರೆಗಿನ ತೆಳ್ಳನೆಯ ಕೋನ್ ಸ್ಪ್ಯಾನರ್, ಪೆಡಲಿಗೆ 15, ಕ್ರ್ಯಾಂಕ್ ಪುಲ್ಲರ್, ಚೈನ್ ಕಟರ್, ಕೇಬಲ್ ಕಟರ್, ಅಳತೆಗೆ ವರ್ನಿಯರ್, ಎಷ್ಟು ಬಿಗಿಯಿತೆಂದು ತಿಳಿಸುವ ಸಣ್ಣ ಟಾರ್ಕ್ ರೆಂಚ್. ಹ್ಯಾಂಡಲ್ ಸ್ಟೆಮ್ಮಿನ ಬೋಲ್ಟ್ ಸಾಮಾನ್ಯವಾಗಿ 4ರಿಂದ 6 ನ್ಯೂಟನ್ ಮೀಟರಿಗೆ ನಿಲ್ಲಬೇಕು. ‘ಕೈಗೆ ಗೊತ್ತಾಗುತ್ತೆ’ ಎನ್ನುವವರ ಕೈ ಸಾಮಾನ್ಯವಾಗಿ ಅದರ ದುಪ್ಪಟ್ಟು ಬಿಗಿಯುತ್ತದೆ. ಕೇಬಲನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸಿದರೆ ತುದಿ ಕುಂಚದಂತಾಗಿ ಔಟರ್ (ಕೇಬಲಿನ ಹೊರಕೊಳವೆ) ಒಳಗೆ ಹೋಗುವುದೇ ಇಲ್ಲ. ಅಡ್ಜಸ್ಟಬಲ್ ಸ್ಪ್ಯಾನರನ್ನು ನನ್ನ ಬೆಂಚಿನ ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ.

ಹೆಡ್‌ಸೆಟ್ ಕಪ್ (ಫೋರ್ಕ್ ತಿರುಗಲು ಫ್ರೇಮಿನ ಮುಂಭಾಗದಲ್ಲಿರುವ ಬೇರಿಂಗಿನ ಬಟ್ಟಲು) ಕೂರಿಸುವ ಪ್ರೆಸ್ ದುಬಾರಿ ಸಾಮಾನು. ಅದಿಲ್ಲವೆಂದು ಕಪ್ಪಿನ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಲ್ಲಿ ಬಡಿಯುವವರಿದ್ದಾರೆ. ಕಪ್ ಓರೆಯಾಗಿ ಇಳಿದು ಫ್ರೇಮಿನ ಬಾಯಿಯನ್ನೇ ಅಗಲಿಸುತ್ತದೆ. ಒಂದು 12 ಮಿ.ಮೀ. ಥ್ರೆಡ್ ರಾಡ್, ಎರಡು ನಟ್, ದಪ್ಪನೆಯ ಅಗಲ ವಾಷರುಗಳು ಸಾಕು, ಪ್ರೆಸ್ಸಿನ ಕೆಲಸ ಆಗುತ್ತದೆ. ಒಮ್ಮೆಗೆ ಒಂದೇ ಕಪ್ ಕೂರಿಸಿ. ಅರ್ಧ ಸುತ್ತಿಗೊಮ್ಮೆ ಬಗ್ಗಿ ನೋಡಿ. ಒಂದು ಬದಿ ಮುಂಚೆ ಇಳಿಯುತ್ತಿದ್ದರೆ ಹೊರತೆಗೆದು ಮತ್ತೆ ಶುರುಮಾಡಿ, ‘ಮುಂದೆ ಸರಿಹೋಗುತ್ತೆ’ ಎಂದು ಎಳೆಯಬೇಡಿ.

ಬೋರ್ಡಿನ ಮೇಲೆ ಟೂಲುಗಳನ್ನು ಅಳತೆಯ ಪ್ರಕಾರ ಸಾಲಾಗಿ ತೂಗುಹಾಕುವುದು ಫೋಟೋಗೆ ಚೆಂದ. ಕೆಲಸಕ್ಕೆ ಅನುಕೂಲವೆಂದರೆ ಕೆಲಸದ ಪ್ರಕಾರ ಜೋಡಿಸುವುದು: ಹಬ್ಬಿನವು ಒಂದೆಡೆ, ಚೈನಿನವು ಒಂದೆಡೆ, ಬ್ರೇಕಿನವು ಒಂದೆಡೆ. 5 ಮಿ.ಮೀ. ಅಲೆನ್ ಕೀ ಮೂರು ಕಡೆ ಬೇಕಾದರೆ ಮೂರು ಕೊಳ್ಳಿ.

ಹೆಜ್ಜೆ 7: ಗುಂಡು, ಗ್ರೀಸ್, ಎಣ್ಣೆ

ಬಿಡಿ ಗುಂಡುಗಳಿರುವ ಹಬ್ಬುಗಳಲ್ಲಿ ಸಾಮಾನ್ಯವಾಗಿ ಮುಂಚಕ್ರಕ್ಕೆ ಬದಿಗೆ 3/16 ಇಂಚಿನ 10, ಹಿಂಚಕ್ರಕ್ಕೆ ಬದಿಗೆ 1/4 ಇಂಚಿನ 9 ಇರುತ್ತವೆ. ಹೆಡ್‌ಸೆಟ್ಟಿನಲ್ಲಿ ಹೆಚ್ಚಾಗಿ 5/32. ಈ ಕೊನೆಯದಕ್ಕೂ 3/16ಕ್ಕೂ ಇರುವ ವ್ಯತ್ಯಾಸ ಒಂದು ಮಿ.ಮೀ.ಗೂ ಕಡಿಮೆ, ಗ್ರೀಸ್ ಮೆತ್ತಿದ ಮೇಲೆ ಕಣ್ಣಿಗೆ ಎರಡೂ ಒಂದೇ. ಬೆರೆತರೆ ಒಂದೆರಡು ದೊಡ್ಡ ಗುಂಡುಗಳ ಮೇಲೇ ಭಾರವೆಲ್ಲ ಬಿದ್ದು ಕಪ್ಪಿನಲ್ಲಿ ಗುಳಿ ಬೀಳುತ್ತದೆ. ಒಂದೊಂದು ಅಳತೆಗೂ ಮುಚ್ಚಳದ ಡಬ್ಬಿ, ಅದರ ಮೇಲೆ ಬರಹ. ಒಂದು ಹಬ್ ಮುಗಿಯದೆ ಇನ್ನೊಂದನ್ನು ಬಿಚ್ಚಬೇಡಿ. ಅರ ಹಾಕುವುದು, ಗ್ರೈಂಡಿಂಗ್ ಮಾಡುವುದು ಬೇರಿಂಗ್ ಬಿಚ್ಚಿಟ್ಟ ದಿನ ಬೇಡವೇ ಬೇಡ.

ಹೈಡ್ರಾಲಿಕ್ ಬ್ರೇಕಿಗೆ ಎರಡು ಬಗೆಯ ದ್ರವ ಬರುತ್ತದೆ: ಡಾಟ್ ಫ್ಲೂಯಿಡ್ ಮತ್ತು ಮಿನರಲ್ ಆಯಿಲ್. ಒಂದರ ಬದಲು ಇನ್ನೊಂದು ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಕೆಡುತ್ತವೆ. ಎರಡಕ್ಕೂ ಬೇರೆ ಶೆಲ್ಫು, ಬೇರೆ ಸಿರಿಂಜು, ಬೇರೆ ಬಟ್ಟೆ ಇಡಿ. ಡಾಟ್ ಫ್ಲೂಯಿಡ್ ಬಣ್ಣವನ್ನೂ ತಿನ್ನುವುದರಿಂದ ಫ್ರೇಮಿನ ಮೇಲೆ ಚೆಲ್ಲಿದರೆ ಕೂಡಲೇ ನೀರಿನಲ್ಲಿ ತೊಳೆಯಿರಿ. ಚೈನಿಗೆ ಎಣ್ಣೆ ಹಾಕಿದ ಬಟ್ಟೆ ಡಿಸ್ಕ್ ಕಡೆ ಸುಳಿಯಬಾರದು.

ಗೋಡೆಯ ಮೇಲೆ ಇನ್ನೊಂದು ಚೀಟಿ ಬೇಕು. ಎಡ ಪೆಡಲ್: ಉಲ್ಟಾ ಥ್ರೆಡ್, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿ. ಬಾಟಮ್ ಬ್ರಾಕೆಟ್ (ಕ್ರ್ಯಾಂಕ್ ತಿರುಗುವ ಬೇರಿಂಗ್ ಕೂರುವ ಫ್ರೇಮಿನ ಕೆಳಭಾಗ) 68 ಅಥವಾ 73 ಮಿ.ಮೀ. ಅಗಲದ, 1.37 ಇಂಚಿನ ಇಂಗ್ಲಿಷ್ ಥ್ರೆಡ್ಡಿನದಾದರೆ ಬಲಗಡೆಯ ಕಪ್ ಉಲ್ಟಾ. 70 ಮಿ.ಮೀ. ಅಗಲದ ಇಟಾಲಿಯನ್ ಆದರೆ ಎರಡೂ ಮಾಮೂಲಿ. ಕಪ್ಪನ್ನು ಕೈಬೆರಳಲ್ಲೇ ಮೂರು ನಾಲ್ಕು ಸುತ್ತು ಹೋಗುವ ತನಕ ತಿರುಗಿಸಿ. ಅಷ್ಟಾಗದೆ ಟೂಲ್ ಮುಟ್ಟಬೇಡಿ.